ಕ್ಯಾಮೆರಾದ ಬ್ಯಾಟರಿ: ಕಂಪನೀದೂ, ಬ್ಯಾರೇದೂ

ನಮ್ಮ ಕಡೆ ಅಂಗಡಿಗೆ ಹೋಗಿ ಕ್ಯಾಮೆರಾದ ಬ್ಯಾಟರಿ ಕೇಳಿದ್ರ ಅಂಗಡಿಯವ್ರು ಮದಲ ಕೇಳೂದು ಒಂದ ಮಾತು: "ಕಂಪನೀದು ಬೇಕೋ, ಡುಪ್ಲಿಕೇಟ್ ನಡೀತದೋ?" ಈ ಪ್ರಶ್ನೇದಾಗ ಒಂದು ಗೊಂದಲ ಅದ. ಡುಪ್ಲಿಕೇಟ್ ಅನ್ನೂ ಒಂದ ಹೆಸರಿನ್ಯಾಗ ಎರಡು ಬ್ಯಾರೆ ಬ್ಯಾರೆ ಮಾಲು ಮಾರಾಟ ಆಗ್ತಾವ. ಒಂದು, ತನ್ನ ಸ್ವಂತ ಹೆಸರು ಹಾಕ್ಕೊಂಡು, "ಇಂಥಾ ಕ್ಯಾಮೆರಾಕ್ಕ ಹೊಂದತದ" ಅಂತ ಬರಕೊಂಡು ಬಂದ ಬ್ಯಾಟರಿ. ಇನ್ನೊಂದು, ಕೆನಾನ್, ನಿಕಾನ್, ಸೋನಿ ಹೆಸರನ್ನ ಕದ್ದು ಮೈಮ್ಯಾಲೆ ಅಂಟಿಸಿಕೊಂಡು ಬಂದದ್ದು. ಮದಲನೇದು ವ್ಯಾಪಾರ, ಎರಡನೇದು ಕಳ್ಳತನ. ಎರಡನ್ನೂ ಒಂದ ಬುಟ್ಟ್ಯಾಗ ಹಾಕಿ ಮಾತಾಡೂದರಿಂದ ಕಂಪನಿಯವ್ರಿಗೂ ಅನುಕೂಲ ಆಗೇದ, ಕಳ್ಳರಿಗೂ ಅನುಕೂಲ ಆಗೇದ. ನಡುವ ಸಿಕ್ಕೊಂಡಾಂವ ಕ್ಯಾಮೆರಾ ಇಟ್ಟಾಂವ.

ನಮ್ಮ ಮೈದುನಂದು ಫೋಟೊ ಸ್ಟುಡಿಯೊ. ಲಗ್ನದ ಸೀಜನ್ ಬಂತು ಅಂದ್ರ ನಮ್ಮ ಮನ್ಯಾಗ ಮಿಕ್ಸರ್ ಹಚ್ಚೂ ಪ್ಲಗ್ಗಿಗೆ ಸುದ್ದಾ ಒಂದು ಚಾರ್ಜರ್ ಕೂತಿರ್ತದ. ಚಟ್ನಿ ಅರಿಬೇಕಂದ್ರ ಮದಲ ಅದರ ದೀಪ ಕೆಂಪದೋ ಹಸಿರದೋ ನೋಡಬೇಕು. ಇಪ್ಪತ್ತು ವರ್ಷದಾಗ ಎಂಥೆಂಥಾ ಬ್ಯಾಟರಿ ಈ ಕಟ್ಟಿಮ್ಯಾಲೆ ಬಂದು ಹೋದ್ವು ಅನ್ನೂದನ್ನ ನೋಡಿದ್ರ ಇದೊಂದು ಸಣ್ಣ ಇತಿಹಾಸನ ಆಗ್ತದ.

ಡಿಜಿಟಲ್ ಕ್ಯಾಮೆರಾ ಮನಿಮನಿಗೆ ಬರೂ ಹೊತ್ತಿನ್ಯಾಗ ಈ ಕಂಪನಿ-ಡುಪ್ಲಿಕೇಟ್ ಜಗಳ ಅಷ್ಟಾಗಿ ಇರಲಿಲ್ಲ. 1995ರಾಗ ಕ್ಯಾಸಿಯೊ ಕಂಪನಿ ಕ್ಯೂವಿ-10 ಅನ್ನೂ ಕ್ಯಾಮೆರಾ ತಂತು. ಹಿಂದಿನ ಸಣ್ಣ ಪರದೇದಾಗ, ತಗದ ಫೋಟೊ ಅಲ್ಲೇ ನೋಡಬಹುದಾಗಿತ್ತು. ಅದಕ್ಕ ಬೇಕಾಗಿದ್ದು ನಾಕು ಪೆನ್ಸಿಲ್ ಸೆಲ್ಲು, ಗಡಿಯಾರಕ್ಕ ಹಾಕ್ತೀವಲ್ಲ, ಅದ ಅಳತಿ. ಮುಂದ ಕೆನಾನ್‌ನವರ ಪವರ್‌ಶಾಟ್ ಎ ಸರಣಿ, ನಿಕಾನ್‌ನವರ ಎಷ್ಟೋ ಕೂಲ್‌ಪಿಕ್ಸು, ಎಲ್ಲಾ ಪೆನ್ಸಿಲ್ ಸೆಲ್ಲಿನ ಮ್ಯಾಲೇನ ನಡೆದ್ವು. ಪ್ರವಾಸಕ್ಕ ಹೋದಲ್ಲೆ ಖಾಲಿ ಆದ್ರ ಬಸ್‌ಸ್ಟ್ಯಾಂಡಿನ ಬೀಡಿ ಅಂಗಡ್ಯಾಗ ಸುದ್ದಾ ಸಿಗ್ತಿದ್ವು. ಆದ್ರ ಗಡಿಯಾರದ ಸಾದಾ ಸೆಲ್ಲು ಹಾಕಿದ್ರ ಕ್ಯಾಮೆರಾದ ಹಸಿವಿಗೆ ಅದು ಸಾಲ್ತಿರಲಿಲ್ಲ. ಲೆನ್ಸ್ ಹೊರಗ ಬಂದು, ಟಿಂವ್ ಅಂತ ಸಪ್ಪಳ ಮಾಡಿ, ಮತ್ತ ಒಳಗ ಹೋಗಿ ಮಲಗಿಬಿಡ್ತಿತ್ತು. ಸೆಲ್ಲಿನ್ಯಾಗ ಇನ್ನೂ ಶಕ್ತಿ ಇರ್ತಿತ್ತು, ತಗದು ಗಡಿಯಾರಕ್ಕ ಹಾಕಿದ್ರ ಆರು ತಿಂಗಳು ನಡೀತಿತ್ತು. ಕ್ಯಾಮೆರಾಕ್ಕ ಒಮ್ಮೆಲೆ ಜಾಸ್ತಿ ಕರೆಂಟು ಬೇಕು, ಅದನ್ನ ಅಷ್ಟು ಜೋರಾಗಿ ಕೊಡೂ ತಾಕತ್ತು ಸಾದಾ ಸೆಲ್ಲಿಗೆ ಇಲ್ಲ.

ಅದಕ್ಕ ಚಾರ್ಜ್ ಮಾಡೂ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬಂದ್ವು. ಅವು ಜೋರು ಕರೆಂಟು ಕೊಡ್ತಿದ್ವು, ಆದ್ರ ಸುಮ್ನ ಇಟ್ರೂ ಸೋರ್ತಿದ್ವು. ದಸರಾಕ್ಕ ತುಂಬಿಟ್ಟದ್ದು ದೀಪಾವಳಿ ಹೊತ್ತಿಗೆ ಸಾಕಷ್ಟು ಕಡಿಮಿ ಆಗಿರ್ತಿತ್ತು. 2005ರ ಕೊನಿಗೆ ಜಪಾನಿನ ಸಾನ್ಯೊ ಕಂಪನಿ ಎನೆಲೂಪ್ ಅನ್ನೂ ಸೆಲ್ಲು ತಂದ ಮ್ಯಾಲೆ ಆ ಸೋರೂ ರೋಗ ಬಹುತೇಕ ವಾಸಿ ಆತು. ತುಂಬಿ ಡಬ್ಬ್ಯಾಗ ಇಟ್ರ ತಿಂಗಳುಗಟ್ಟಲೆ ಹಂಗ ಇರ್ತಿತ್ತು. ಇಲ್ಲಿ ಒಂದು ಮಾತು ಲಕ್ಷ್ಯದಾಗ ಇಡ್ರಿ. ಕೆನಾನ್ ಕ್ಯಾಮೆರಾಕ್ಕ ಸಾನ್ಯೊ ಸೆಲ್ಲು ಹಾಕಬಹುದೇನು ಅಂತ ಯಾರೂ ಕೇಳಲಿಲ್ಲ. ಪೆನ್ಸಿಲ್ ಸೆಲ್ಲಿನ ಅಳತಿ ಜಗತ್ತಿಗೆಲ್ಲಾ ಒಂದ. ಕ್ಯಾಮೆರಾ ಮಾಡೂ ಕಂಪನಿಗೂ ಸೆಲ್ಲು ಮಾಡೂ ಕಂಪನಿಗೂ ಸಂಬಂಧನ ಇರಲಿಲ್ಲ. "ಬ್ಯಾರೆ ಕಂಪನೀದು" ಅನ್ನೂ ಮಾತಿಗೆ ಅರ್ಥ ಬಂದದ್ದು ಲಿಥಿಯಂ ಬಂದ ಮ್ಯಾಲೆ.

ಲಿಥಿಯಂ-ಅಯಾನ್ ಬ್ಯಾಟರಿಯನ್ನ ಮದಲು ಮಾರುಕಟ್ಟಿಗೆ ತಂದದ್ದು ಸೋನಿ, 1991ರಾಗ, ಅದೂ ತನ್ನ ಹ್ಯಾಂಡಿಕ್ಯಾಮ್ ಸಲುವಾಗಿ. (ಇದರ ಹಿಂದಿನ ಕೆಲಸಕ್ಕ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅನ್ನೂ ಮೂವರಿಗೆ ನೊಬೆಲ್ ಬಂದದ್ದು 2019ಕ್ಕ. ಅಷ್ಟೊತ್ತಿಗೆ ಜಗತ್ತಿನ ಎಲ್ಲಾರ ಕಿಸೇದಾಗೂ ಅವರ ಕೆಲಸ ಕೂತಿತ್ತು.) ಹಗುರ, ಅಷ್ಟ ಜಾಗಾದಾಗ ಹೆಚ್ಚು ಶಕ್ತಿ. ಆದ್ರ ಲಿಥಿಯಂ ಸೆಲ್ಲು ಭಾಳ ನಾಜೂಕು. ಒಂದು ಸೆಲ್ಲಿಗೆ 4.2 ವೋಲ್ಟಿನ ಮ್ಯಾಲೆ ತುಂಬಿದ್ರ ಒಳಗಿನ ರಸಾಯನ ಕೆಡ್ತದ, ಉಬ್ಬತದ, ಕೆಲವೊಮ್ಮೆ ಬೆಂಕಿ ಹತ್ತತದ. ಪೂರಾ ಖಾಲಿ ಮಾಡಿ ಬಿಟ್ರೂ ಸಾಯ್ತದ. ಹಿಂಗಾಗಿ ಅದನ್ನ ಪೆನ್ಸಿಲ್ ಸೆಲ್ಲಿನಂಗ ಬಿಡಿಯಾಗಿ ಕೈಯಾಗ ಕೊಡಲಿಕ್ಕೆ ಕಂಪನಿಗಳು ಹೆದರಿದ್ವು. ಸೆಲ್ಲಿನ ಜೋಡಿ ಒಂದು ಸಣ್ಣ ಕಾವಲು ಸರ್ಕ್ಯೂಟ್ ಹಾಕಿ, ಪ್ಲಾಸ್ಟಿಕ್ ಡಬ್ಬ್ಯಾಗ ಮುಚ್ಚಿ, ಅದಕ್ಕಂತನ ಬ್ಯಾರೆ ಚಾರ್ಜರ್ ಮಾಡಿ ಕೊಟ್ವು.

ಹೆದರಿಕೆ ಖರೇನ ಇತ್ತು. ಆದ್ರ ಡಬ್ಬಿ ಮಾಡಬೇಕು ಅಂದ ಮ್ಯಾಲೆ ಡಬ್ಬಿಯ ಆಕಾರ ಯಾರ ಕೈಯಾಗ? ಕಂಪನಿಯ ಕೈಯಾಗ. ಒಬ್ಬರದು ಚೌಕ, ಒಬ್ಬರದು ಉದ್ದ, ಒಬ್ಬರದಕ್ಕ ಎಡಕ್ಕ ಗೀರು, ಇನ್ನೊಬ್ಬರದಕ್ಕ ಬಲಕ್ಕ. ನನಗ ಇದರಾಗ ಭಾಳ ಮೋಜು ಅನಿಸಿದ್ದು ಒಂದು ಸಣ್ಣ ಬ್ಯಾಟರಿಯ ಕಥಿ. ನಿಕಾನ್‌ನವರ ಇಎನ್-ಇಎಲ್10, ಫ್ಯೂಜಿಯವರ ಎನ್‌ಪಿ-45, ಒಲಿಂಪಸ್‌ನವರ ಎಲ್ಐ-42ಬಿ, ಪೆಂಟಾಕ್ಸಿನವರ ಡಿ-ಎಲ್ಐ63, ಕೊಡ್ಯಾಕ್‌ನವರ ಕೆಎಲ್ಐಸಿ-7006, ಹೆಸರು ಐದು, ಆದ್ರ ಒಂದರ ಜಾಗಾದಾಗ ಇನ್ನೊಂದು ಸರಳ ಕೂಡ್ತದ, ನಡೀತದ. ಪ್ರತಿಯೊಬ್ಬರ ಪುಸ್ತಕದಾಗೂ "ನಮ್ಮದನ್ನ ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ" ಅಂತ ಎಚ್ಚರಿಕೆ. ಬೀಗರ ಮನಿ ಉಪ್ಪಿನಕಾಯಿ ನಮ್ಮ ಮನ್ಯಾಗ ತಿನಬಾರದು ಅಂದಂಗಾತು.

ಬ್ಯಾರೆ ಕಂಪನಿ ಬ್ಯಾಟರಿಗೆ ಸುಗ್ಗಿ ಬಂದದ್ದು 2000ದಿಂದ ಹತ್ತು ವರ್ಷ. ಕೆನಾನ್‌ನವರ ಬಿಪಿ-511 ಅನ್ನೂ ಬ್ಯಾಟರಿ 2000ದ ಡಿ30 ಕ್ಯಾಮೆರಾದಿಂದ ಹಿಡಿದು 10ಡಿ, 20ಡಿ, 5ಡಿ, 40ಡಿ ದಾಟಿ, 2008ರ 50ಡಿ ತನಕ ಅದ ಆಕಾರದಾಗ ನಡೀತು. ನಿಕಾನ್‌ನವರ ಇಎನ್-ಇಎಲ್3 ಡಿ100, ಡಿ70ಕ್ಕ ಬಂತು. ಎಂಟು ವರ್ಷ ಒಂದ ಆಕಾರ ಅಂದ್ರ ಬ್ಯಾರೆಯವ್ರಿಗೆ ಅಚ್ಚು ಮಾಡಿಸಿ ಲಾಭ ತಗೀಲಿಕ್ಕೆ ಅಷ್ಟು ಸಾಕು. ಒಳಗ ಇರೂದೂ ಅಂಥಾ ಗುಟ್ಟಲ್ಲ. ಎರಡು ಸೆಲ್ಲು ಸಾಲಾಗಿ ಜೋಡಿಸಿದ್ದು, ಒಂದು ಕಾವಲು ಸರ್ಕ್ಯೂಟು, ಹೊರಗ ತಾಮ್ರದ ಪಟ್ಟಿ: ಪ್ಲಸ್ಸು, ಮೈನಸ್ಸು, ಬಿಸಿ ಎಷ್ಟದ ಅಂತ ಚಾರ್ಜರಿಗೆ ಹೇಳೂ ಇನ್ನೊಂದು.

ನಮ್ಮ ಮೈದುನ ಆವಾಗ ಬೆಂಗಳೂರಿಗೆ ಹೋದ್ರ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಮುಟ್ಟದ ಬರ್ತಿರಲಿಲ್ಲ. ಒಂದು ಕಂಪನಿ ಬ್ಯಾಟರಿಯ ರೊಕ್ಕದಾಗ ಅಲ್ಲಿ ಮೂರೋ ನಾಕೋ ಬರ್ತಿದ್ವು. ಮಂದಿ ಇದನ್ನ ಜಿಪುಣತನ ಅಂತಾರ. ನಮ್ಮ ಲಗ್ನ ನೋಡಿದವ್ರು ಹಂಗ ಅನ್ನೂದಿಲ್ಲ. ಹಿಂದಿನ ದಿನ ದೇವರ ಊಟ, ಅರಿಶಿಣ, ಸಂಜಿಗೆ ಬೀಗರನ್ನ ಎದುರುಗೊಳ್ಳೂದು, ಮರುದಿನ ನಸುಕಿಗೆ ಸುರಗಿ ನೀರು, ಆಮ್ಯಾಲೆ ಅಕ್ಷತಾ, ಊಟದ ಪಂಕ್ತಿ, ರಾತ್ರಿ ಆರತಕ್ಷತೆ. ಬ್ಯಾಟರಿ ತಗದು ಚಾರ್ಜಿಗೆ ಹಚ್ಚೂಣು ಅಂದ್ರ ಕಾರ್ಯಾಲಯದಾಗ ಲೈನು ಹೋಗಿರ್ತದ, ಜನರೇಟರ್ ಬರೇ ಸ್ಟೇಜಿಗೆ. ನಾಕು ಬ್ಯಾಟರಿ ಇಲ್ಲದ ಆ ಕೆಲಸ ಮಾಡಲಿಕ್ಕೆ ಬರೂದಿಲ್ಲ, ನಾಕೂ ಕಂಪನೀವ ತಗೊಂಡ್ರ ಆ ಲಗ್ನದ ಗಳಿಕಿ ಬ್ಯಾಟರಿಗೇ ಹೋಗ್ತದ. ಊರೂರಿನ ಸಣ್ಣ ಸ್ಟುಡಿಯೊಗಳು ಫಿಲ್ಮಿನಿಂದ ಡಿಜಿಟಲ್ಲಿಗೆ ಬಂದು ಉಳಕೊಂಡದ್ದರಾಗ ಈ ಬ್ಯಾರೆ ಬ್ಯಾಟರಿಗಳ ಪಾಲು ದೊಡ್ಡದದ ಅಂತ ನನ್ನ ಅಭಿಪ್ರಾಯ.

ಇನ್ನ ಅವುಗಳ ಸುಳ್ಳಿನ ವಿಷಯ. ಬ್ಯಾಟರಿ ಮ್ಯಾಲೆ ಎಂಎಎಚ್ ಅಂತ ಒಂದು ಅಂಕಿ ಇರ್ತದಲ್ಲ, ಅದು ಕೊಡದಾಗ ಎಷ್ಟು ನೀರು ಹಿಡಿಸ್ತದ ಅನ್ನೂ ಲೆಕ್ಕ. ಕೆನಾನ್‌ನವರ ಎಲ್‌ಪಿ-ಇ6 2008ರಾಗ ಬಂದಾಗ ಅದು 1800. 2014ರ ಎಲ್‌ಪಿ-ಇ6ಎನ್ ಬಂದಾಗ 1865. 2020ರ ಎಲ್‌ಪಿ-ಇ6ಎನ್ಎಚ್ ಬಂದಾಗ 2130. ಅಂದ್ರ ಅದ ಡಬ್ಬ್ಯಾಗ 330 ಜಾಸ್ತಿ ತುಂಬಲಿಕ್ಕೆ ಅಷ್ಟು ದೊಡ್ಡ ಕಂಪನಿಗೆ ಹನ್ನೆರಡು ವರ್ಷ ಹಿಡೀತು. ಆ ನಡುವಿನ ವರ್ಷಗಳಾಗ, ಅದ ಆಕಾರದ, ಕಾಲು ರೊಕ್ಕದ ಡಬ್ಬಿ ಮ್ಯಾಲೆ ಯಾರರೆ 2600 ಅಂತ ಬರದಿದ್ರ ಅದನ್ನ ನಂಬಲಿಕ್ಕೆ ಕಾರಣ ಏನದ? ಅಡಗಿಮನಿಯ ತಕ್ಕಡಿಮ್ಯಾಲೆ ಎರಡನ್ನೂ ಇಟ್ಟು ನೋಡ್ರಿ. ಜಾಸ್ತಿ ಬರದದ್ದ ಹಗುರ ಇದ್ರ ತಿಳ್ಕೋರಿ, ಬರದದ್ದು ಮಸಿಗೆ ಹತ್ತಿದ ಖರ್ಚು ಅಷ್ಟ. ಅಂಕಿ ಸಾಧಾರಣ ಬರದಿರೂ ಬ್ಯಾಟರಿ ತಗೊಳ್ಳೂದು ಛಲೋ ಅಂತ ನಮ್ಮ ಮನ್ಯಾಗ ಒಂದು ನಿಯಮನ ಆಗೇದ, ಸುಳ್ಳು ಹೇಳದ ಅಂಗಡಿಕಾರನ ಹಂಗ.

ಕಂಪನಿಗಳೂ ಸುಮ್ನ ಕೂಡಲಿಲ್ಲ. 2005ರಾಗ ನಿಕಾನ್ ಡಿ200 ಜೋಡಿ ಇಎನ್-ಇಎಲ್3ಇ ಅಂತ ಬಂತು. ಹೊರಗಿಂದ ಹಳೇದರಂಗನ, ಆದ್ರ ಕ್ಯಾಮೆರಾದ ಜೋಡಿ ಮಾತಾಡ್ತದ: ಎಷ್ಟು ಶೇಕಡಾ ಉಳದದ, ಬ್ಯಾಟರಿಗೆ ಎಷ್ಟು ವಯಸ್ಸಾಗೇದ ಅಂತೆಲ್ಲಾ. ಹೊಸದನ್ನ ಹಳೇ ಡಿ70ಕ್ಕ ಹಾಕಬಹುದು, ಹಳೇದನ್ನ ಡಿ200ಕ್ಕ ಹಾಕಲಿಕ್ಕೆ ಬರೂದಿಲ್ಲ. ಕೆನಾನ್‌ನವರ ಎಲ್‌ಪಿ-ಇ6 ಸುದ್ದಾ ಹಂಗ, ಈ ಬ್ಯಾಟರಿಯಿಂದ ಎಷ್ಟು ಫೋಟೊ ತಗದ್ರಿ ಅನ್ನೂದನ್ನೂ ತೋರಿಸ್ತಿತ್ತು. ಚಿಪ್ಪಿಲ್ಲದ ಬ್ಯಾರೆ ಬ್ಯಾಟರಿ ಹಾಕಿದ್ರ ಕ್ಯಾಮೆರಾ, ಇದರ ಜೋಡಿ ಮಾತು ಆಗವಲ್ದು, ಆದ್ರೂ ನಡಸಲೇನು ಅಂತ ಕೇಳ್ತಿತ್ತು. ಹೂಂ ಅಂದ್ರ ನಡೀತಿತ್ತು, ಎಷ್ಟು ಉಳದದ ಅಂತ ಮಾತ್ರ ಹೇಳ್ತಿರಲಿಲ್ಲ. ಇದು ನನಗ ಸಭ್ಯ ಪದ್ಧತಿ ಅನಿಸ್ತದ. ಮನಿ ಯಜಮಾನಗ ಹೇಳೂದು ಹೇಳಿ, ತೀರ್ಮಾನ ಅವಗ ಬಿಡೂದು.

ಪ್ಯಾನಾಸೋನಿಕ್‌ನವ್ರು ಅಷ್ಟಕ್ಕ ನಿಲ್ಲಲಿಲ್ಲ. 2009ರ ಜೂನಿನ್ಯಾಗ ಅವರ ಹಲವು ಲ್ಯೂಮಿಕ್ಸ್ ಕ್ಯಾಮೆರಾಗಳಿಗೆ ಒಂದು ಹೊಸ ಫರ್ಮ್‌ವೇರ್ ಬಂತು. ಕ್ಯಾಮೆರಾ ಸುಧಾರಿಸ್ತದ ಅಂತ ಮಂದಿ ಅದನ್ನ ಹಾಕ್ಕೊಂಡ್ರು. ಹಾಕ್ಕೊಂಡ ಮ್ಯಾಲೆ ಬ್ಯಾರೆ ಕಂಪನಿ ಬ್ಯಾಟರಿಯನ್ನ ಕ್ಯಾಮೆರಾ ಒಪ್ಪೂದ ಬಿಡ್ತು. ನಿನ್ನೆ ತನಕ ನಡೀತಿದ್ದ, ರೊಕ್ಕ ಕೊಟ್ಟು ತಂದ ಬ್ಯಾಟರಿ ಇವತ್ತ ಕಸ. ಕಂಪನಿ ಹೇಳಿದ್ದು ಸುರಕ್ಷತೆ ಸಲುವಾಗಿ ಅಂತ. ಕೆಲವು ಬ್ಯಾಟರಿಯೊಳಗ ಕಾವಲು ಸರ್ಕ್ಯೂಟ್ ಸರಿ ಇರೂದಿಲ್ಲ, ಒಳಗ ಬಿಸಿ ಆಗಿ, ಉಬ್ಬಿ, ಅಪಾಯ ಆಗಬಹುದು ಅಂತ. ಆ ಮಾತು ಸುಳ್ಳಲ್ಲ. ಆದ್ರ ಕೆಟ್ಟ ಬ್ಯಾಟರಿ ಯಾವುದು, ಛಲೋದು ಯಾವುದು ಅಂತ ಆ ಫರ್ಮ್‌ವೇರ್ ನೋಡ್ತಿರಲಿಲ್ಲ, ನಮ್ಮದೋ ಅಲ್ಲೋ ಅಷ್ಟ ನೋಡ್ತಿತ್ತು. ಗ್ರಾಹಕರು ಸಿಟ್ಟಾದ್ರು, ಗದ್ದಲ ಆತು. ಮುಂದ ಸ್ವಲ್ಪ ದಿನಕ್ಕ ಚಿಪ್ಪಿನ ಭಾಷಾನೂ ಕಲ್ತ ಬ್ಯಾಟರಿ ಬಾಜಾರಕ್ಕ ಬಂದ್ವು. "ಫುಲ್ಲಿ ಡಿಕೋಡೆಡ್" ಅಂತ ಡಬ್ಬಿ ಮ್ಯಾಲೆ ಬರದಿರ್ತದಲ್ಲ, ಅದರ ಅರ್ಥ ಇಷ್ಟ: ನಾವು ಕ್ಯಾಮೆರಾದ ಜೋಡಿ ಮಾತಾಡೂದು ಕಲ್ತೀವಿ ಅಂತ. ಕಾವಲು ಸರ್ಕ್ಯೂಟ್ ಛಲೋ ಅದ ಅಂತ ಅಲ್ಲ.

ಹಂಗಾದ್ರ ಅಪಾಯ ಎಷ್ಟು ಖರೆ? ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರ ಮಕ್ಕಳಿರೂ ಮನ್ಯಾಗ ಪ್ರಶ್ನೆ ಬರೇ ರೊಕ್ಕದ್ದಲ್ಲ.

ಎರಡು ಸೆಲ್ಲಿನ ಬ್ಯಾಟರಿಯನ್ನ 8.4 ವೋಲ್ಟಿನ ತನಕ ತುಂಬತಾರ, ಒಂದೊಂದಕ್ಕ 4.2. ಛಲೋ ಬ್ಯಾಟರ್ಯಾಗ ಎರಡೂ ಸೆಲ್ಲು ಅವಳಿ ಮಕ್ಕಳಂಗ ಒಂದ ತೂಕ ಇರ್ತಾವ. ಸೋವಿ ಬ್ಯಾಟರ್ಯಾಗ ಒಂದು ಗಟ್ಟಿ, ಒಂದು ಕುಂಟು ಬಂದಿರಬಹುದು. ಚಾರ್ಜರಿಗೆ ಕಾಣೂದು ಎರಡರ ಒಟ್ಟು ಲೆಕ್ಕ. ಕುಂಟು ಸೆಲ್ಲು ಮದಲ ತುಂಬಿ ಮ್ಯಾಲೆ ಹರೀತಿದ್ರೂ ಚಾರ್ಜರಿಗೆ ಗೊತ್ತಾಗೂದಿಲ್ಲ. ಅದನ್ನ ನೋಡಿ ಬಾಗಲಾ ಹಾಕಬೇಕಾದದ್ದು ಬ್ಯಾಟರಿಯೊಳಗಿನ ಸರ್ಕ್ಯೂಟು. ಅದರ ಮ್ಯಾಲೆ ಬಿಸಿ ಹೇಳೂ ಪಟ್ಟಿ ಎರಡನೇ ಕಾವಲು. ಚಿಮಟಿಯಂಗ ಹಿಡಿಯೂ, ಎರಡ ಮುಳ್ಳಿನ, ಎಲ್ಲಾ ಬ್ಯಾಟರಿಗೂ ನಡಿಯೂ ಚಾರ್ಜರ್ ಬರ್ತಾವಲ್ಲ, ಅವು ಪ್ಲಸ್ಸು ಮೈನಸ್ಸು ಎರಡನ್ನೂ ಹಿಡೀತಾವ, ಆ ಬಿಸಿಯ ಪಟ್ಟಿಯನ್ನ ಮುಟ್ಟೂದ ಇಲ್ಲ. ಹಿಂಗಾಗಿ ನನಗ ಬ್ಯಾರೆ ಬ್ಯಾಟರಿಕ್ಕಿಂತ ಬ್ಯಾರೆ ಚಾರ್ಜರಿನ ಹೆದರಿಕೆ ಜಾಸ್ತಿ. ಬ್ಯಾರೆ ಬ್ಯಾಟರಿಯನ್ನ ಕಂಪನಿ ಚಾರ್ಜರಿನ್ಯಾಗ ಹಾಕಿದ್ರ ಒಂದು ಕಾವಲು ಕಡಿಮಿ ಇರಬಹುದು. ಗೊತ್ತಿಲ್ಲದ ಬ್ಯಾಟರಿಯನ್ನ ಗೊತ್ತಿಲ್ಲದ ಚಾರ್ಜರಿನ್ಯಾಗ ಹಾಕಿದ್ರ ಎರಡೂ ಹೋದ್ವು.

ಅದಕ್ಕ ನಮ್ಮ ಮನ್ಯಾಗ ಚಾರ್ಜಿಗೆ ಹಚ್ಚೂದು ಕಡಪಾ ಕಲ್ಲಿನ ಕಟ್ಟಿಮ್ಯಾಲೆ ಮಾತ್ರ, ಗಾದಿಮ್ಯಾಲೆ ಅಲ್ಲ, ಪುಸ್ತಕದ ಕಪಾಟಿನ್ಯಾಗ ಅಲ್ಲ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಹಚ್ಚಿಡೂದಿಲ್ಲ. "ವೈನಿ, ಬೆಳಿಗ್ಗೆ ಐದಕ್ಕ ಮುಹೂರ್ತ ಅದ" ಅಂತ ಮೈದುನ ಎಷ್ಟ ಗೋಗರೆದ್ರೂ ಅಷ್ಟ, ತಾನ ಎದ್ದು ಕೂತು ಕಾಯಬೇಕು.

ಕಂಪನೀದು ಅಂದ್ರ ಪೂರಾ ಸುರಕ್ಷಿತ ಅಂತನೂ ತಿಳಕೋಬ್ಯಾಡ್ರಿ. 2005ರಾಗ ನಿಕಾನ್ ತನ್ನದ ಇಎನ್-ಇಎಲ್3 ಬ್ಯಾಟರಿಗಳಾಗ ಕೆಲವನ್ನ, ಬಿಸಿ ಆಗಿ ಕರಗಬಹುದು ಅಂತ ವಾಪಸ್ ಕರೀತು. 2012ರಾಗ ಇಎನ್-ಇಎಲ್15ರ ಕೆಲವು ಲಾಟುಗಳನ್ನ ಮತ್ತ ಕರೀತು. ಲ್ಯಾಪ್‌ಟಾಪಿನ ಲೋಕದಾಗ 2006ರ ಕಥಿ ಇನ್ನೂ ದೊಡ್ಡದು, ಸೋನಿ ಮಾಡಿದ ಸೆಲ್ಲು ಇದ್ದ 41 ಲಕ್ಷ ಬ್ಯಾಟರಿಗಳನ್ನ ಡೆಲ್ ವಾಪಸ್ ತಗೊಳ್ಳಬೇಕಾತು. ಲಿಥಿಯಂ ಬ್ಯಾಟರಿ ಹುಟ್ಟಿಸಿದವ್ರ ಕೈಯಾಗ ಹಿಂಗಾತು ಅಂದ್ರ ತಿಳೀರಿ. ಫರಕ ಇರೂದು ಇಲ್ಲಿ: ಅವರ ಬ್ಯಾಟರಿ ಮ್ಯಾಲೆ ಒಂದು ನಂಬರ ಇತ್ತು, ಯಾವ ಲಾಟು ಅಂತ ಗೊತ್ತಿತ್ತು, ಕರದು ಬದಲಿ ಕೊಟ್ರು. ಹೆಸರಿಲ್ಲದ ಡಬ್ಬಿ ಉಬ್ಬಿದ್ರ ಯಾರನ್ನ ಕೇಳೂದು? ಕಳ್ಳ ಹೆಸರು ಹಚ್ಚಿಕೊಂಡದ್ದು ಉಬ್ಬಿದ್ರಂತೂ ಕಂಪನಿಯವ್ರು "ಇದು ನಮ್ಮದಲ್ಲ" ಅಂತಾರ, ಅದು ಖರೇನ ಅವರದಲ್ಲ.

ನಮ್ಮ ದೇಶದಾಗ ಇದಕ್ಕ ಒಂದು ಹಿಡಿತ ಬಂದದ್ದು 2014ರ ಸರ್ಕಾರದ ಆದೇಶದಿಂದ. ಇಂಥಾ ಬ್ಯಾಟರಿಗಳನ್ನ ಐಎಸ್ 16046 ಅನ್ನೂ ಮಾನಕದ ಪ್ರಕಾರ ಪರೀಕ್ಷೆ ಮಾಡಿಸಿ, ಬಿಐಎಸ್‌ನ್ಯಾಗ ನೋಂದಣಿ ಮಾಡಿಸಬೇಕು ಅಂತ ಆತು. ಬ್ಯಾಟರಿ ಮ್ಯಾಲೆ ಆರ್ ಅಕ್ಷರದಿಂದ ಸುರು ಆಗೂ ಒಂದು ನೋಂದಣಿ ನಂಬರ ಇರ್ತದ. ಭೂತಗನ್ನಡಿ ಹಿಡದ ಓದಬೇಕು, ಅಷ್ಟು ಸಣ್ಣದು. ಇದನ್ನ ಬಿಐಎಸ್‌ನವರ ತಾಣದಾಗ ಹಾಕಿ ಯಾರ ಹೆಸರಿನ್ಯಾಗ ಅದ ಅಂತ ನೋಡಬಹುದು. ನಂಬರ ಸುದ್ದಾ ಕದಿಯೂ ಮಂದಿ ಇದ್ದಾರು, ಆದ್ರ ನಂಬರನ ಇಲ್ಲದ್ದನ್ನ ಮುಟ್ಟೂದ ಬ್ಯಾಡ. ನಿಕಾನ್ ತನ್ನ ಬ್ಯಾಟರಿಗೆ ಹೊಳಿಯೂ ಹೊಲೊಗ್ರಾಮ್ ಹಚ್ಚತದ, ಅದೂ ಒಂದು ಗುರುತು.

ಇಷ್ಟೆಲ್ಲಾ ಹೇಳಿದ ಮ್ಯಾಲೆ, ಬ್ಯಾರೆ ಬ್ಯಾಟರಿ ಬ್ಯಾಡನ ಬ್ಯಾಡ ಅನ್ನವ್ರಿಗೆ ನಾ ಕೇಳೂ ಪ್ರಶ್ನೆ ಒಂದ: ಕಂಪನಿ ಮಾಡೂದು ಬಿಟ್ಟ ಮ್ಯಾಲೆ ಏನು ಮಾಡೂದು?

ನಮ್ಮ ಮಾವನವ್ರದು ಒಂದು ಸಣ್ಣ ಕ್ಯಾಮೆರಾ ಇತ್ತು, ಎಕ್ಸ್‌ಡಿ ಕಾರ್ಡಿಂದು. ಫ್ಯೂಜಿ ಮತ್ತ ಒಲಿಂಪಸ್ ಕೂಡಿ 2002ರಾಗ ತಂದ ಕಾರ್ಡು ಅದು. ಎಸ್‌ಡಿ ಕಾರ್ಡಿನ ಮುಂದ ಅದು ಉಳೀಲಿಲ್ಲ, ಈಗಿನ ಕಂಪ್ಯೂಟರಿಗೆ ಅದರ ತೂತ ಇಲ್ಲ. ಆ ಕಾರ್ಡಿನ್ಯಾಗ ನಮ್ಮ ಅತ್ತಿಯವ್ರ ಕಡೀ ವರ್ಷದ ಫೋಟೊ ಇದ್ವು. ನಾಗರಪಂಚಮಿಗೆ ಜೋಕಾಲಿ ಹಗ್ಗ ಹಿಡದು ನಿಂತದ್ದು, ಮೊಮ್ಮಗಳ ತೊಟ್ಟಿಲಿನ ಮುಂದ ಕೂತದ್ದು. ಯಾರೂ ಪ್ರಿಂಟ್ ಹಾಕಿಸಿರಲಿಲ್ಲ. ಕ್ಯಾಮೆರಾದ ಬ್ಯಾಟರಿ ಉಬ್ಬಿ ಬಾಗಲಾನ ತಗೀಲಿಕ್ಕೆ ಬರ್ತಿರಲಿಲ್ಲ, ಮರದ ಕಡ್ಡಿಯಿಂದ ಸಾವಕಾಶ ಹೊರಗ ತಗದ್ವಿ. ಕಂಪನಿ ಅಂಗಡ್ಯಾಗ ಕೇಳಿದ್ರ ಆ ಬ್ಯಾಟರಿ ನಿಂತು ವರ್ಷಗಳಾದ್ವು ಅಂದ್ರು. ಕಡೀಕ ಸಿಕ್ಕದ್ದು ಐದು ಕಂಪನಿಯ ನಂಬರು ಒಂದರ ಕೆಳಗೊಂದು ಬರದಿದ್ದ ಬ್ಯಾರೆ ಬ್ಯಾಟರಿ, ಆಗಳೆ ಹೇಳಿದ್ನಲ್ಲ, ಅದ ಜಾತಿ. ಕಟ್ಟಿಮ್ಯಾಲೆ ಹಳೇ ಕಂಪನಿ ಚಾರ್ಜರಿನ್ಯಾಗ ಹಚ್ಚಿ, ಮುಂದ ಸ್ಟೂಲ್ ಹಾಕ್ಕೊಂಡು ಕಾದ್ವಿ. ಕ್ಯಾಮೆರಾ ಎದ್ದಿತು. ತಾರೀಖು ಮರತು, ಹೊಸದಾಗಿ ಕೇಳ್ತು. ಕೇಬಲ್ ಹಚ್ಚಿ ಫೋಟೊ ಎಲ್ಲಾ ಇಳಸಿಕೊಂಡ್ವಿ. ಮಾವನವ್ರು ಆ ಸಣ್ಣ ಪರದೇದಾಗನ ಒಂದೊಂದು ನೋಡಿದ್ರು, ಕಂಪ್ಯೂಟರಿನ್ಯಾಗ ದೊಡ್ಡದು ಕಾಣ್ತದ ಅಂದ್ರೂ ಕೇಳಲಿಲ್ಲ.

ಕ್ಯಾಮೆರಾ ಹದಿನೈದು ಇಪ್ಪತ್ತು ವರ್ಷ ಬಾಳ್ತದ, ಬ್ಯಾಟರಿ ನಾಕೈದು ವರ್ಷಕ್ಕ ಮುಪ್ಪಾಗ್ತದ. ಈ ಎರಡರ ನಡುವಿನ ಕಂದಕ ತುಂಬವ್ರು ಬ್ಯಾರೆಯವ್ರ. ಸೋನಿ ಹಳೇ ಹ್ಯಾಂಡಿಕ್ಯಾಮಿಗೆ ಅಂತ ಮಾಡಿದ ಎನ್‌ಪಿ-ಎಫ್ ಆಕಾರದ ಬ್ಯಾಟರಿ ಇವತ್ತಿಗೂ ಲಗ್ನದ ಮನ್ಯಾಗ ಎಲ್ಇಡಿ ಲೈಟಿನ ಬೆನ್ನಿಗೆ ಕೂತಿರ್ತದ, ಅದರ ಮ್ಯಾಲೆ ಸೋನಿ ಹೆಸರು ಇರೂದು ಅಪರೂಪ. ಆಕಾರ ಹುಟ್ಟಿಸಿದ ಕಂಪನಿಗಿಂತ ಆಕಾರ ದೊಡ್ಡದಾತು.

ಚಾರ್ಜರಿನ ಕಥಿ ಮಾತ್ರ ಈಗ ತಿರುಗೇದ. 2012ರಾಗ ಸೋನಿ ಆರ್‌ಎಕ್ಸ್100 ಬಂದಾಗ ಡಬ್ಬ್ಯಾಗ ಬ್ಯಾಟರಿ ತಗದು ಹಚ್ಚೂ ಚಾರ್ಜರನ ಇರಲಿಲ್ಲ, ಮೊಬೈಲಿನಂಗ ಕ್ಯಾಮೆರಾಕ್ಕನ ಯುಎಸ್‌ಬಿ ವಯರ್ ಹಚ್ಚೂದು. ಒಂದು ಬ್ಯಾಟರಿ ತುಂಬೂತನಕ ಕ್ಯಾಮೆರಾ ಕಟ್ಟಿಹಾಕಿದಂಗ, ಹಿಂಗಾಗಿ ಎರಡು ಬ್ಯಾಟರಿ ಒಮ್ಮೆ ಕೂಡೂ, ಶೇಕಡಾ ತೋರಿಸೂ ಬ್ಯಾರೆ ಕಂಪನಿ ಚಾರ್ಜರಿಗೆ ಸುಗ್ಗಿ. ಇವು ಆ ಚಿಮಟಿ ಚಾರ್ಜರಿನ ಜಾತಿ ಅಲ್ಲ, ಒಂದ ಆಕಾರಕ್ಕ ಅಂತ ಮಾಡಿದ್ದು. ಛಲೋದು ಇದ್ರ ಬಿಸಿಯ ಪಟ್ಟಿಯನ್ನೂ ಮುಟ್ಟತಾವ, ಒಳಗ ಇಣಿಕಿ ಪಟ್ಟಿ ಎಣಿಸಿದ್ರ ತಿಳೀತದ. 2024ರ ಡಿಸೆಂಬರ್ 28ರಿಂದ ಯುರೋಪಿನ್ಯಾಗ ಮಾರೂ ಹೊಸ ಡಿಜಿಟಲ್ ಕ್ಯಾಮೆರಾಗಳಿಗೆ ಯುಎಸ್‌ಬಿ-ಸಿ ತೂತು ಕಡ್ಡಾಯ ಆಗೇದ. ಪೆನ್ಸಿಲ್ ಸೆಲ್ಲಿನ ಕಾಲದಾಗ ಇದ್ದ ಒಂದ ಅಳತಿಯ ಸುಖ ವಯರಿಗಾದ್ರೂ ವಾಪಸ್ ಬಂತು. ಬ್ಯಾಟರಿಗೆ ಬಂದಿಲ್ಲ. 2024ರ ಕೆನಾನ್ ಆರ್5 ಮಾರ್ಕ್ 2ಕ್ಕ ಎಲ್‌ಪಿ-ಇ6ಪಿ ಅಂತ ಹೊಸದು ಬಂತು, ಅದ ಹಳೇ ಆಕಾರ. ಕೆನಾನ್‌ದ ಹಳೇ ಬ್ಯಾಟರಿ ಹಾಕಿದ್ರ ಸುದ್ದಾ ಕೆಲವು ಕೆಲಸ ಅದು ಮಾಡೂದಿಲ್ಲ.

ಮೈದುನನ ಚೀಲದಾಗ ಈಗ ಎರಡು ಕಂಪನೀವು, ಮೂರು ಬ್ಯಾರೇವು. ಎಲ್ಲಾದರ ಮ್ಯಾಲೂ ತಗೊಂಡ ತಿಂಗಳು ಮಾರ್ಕರಿನಿಂದ ಬರದದ. ಅಕ್ಷತಾ ಬೀಳೂ ಹೊತ್ತಿಗೆ ಕ್ಯಾಮೆರಾದಾಗ ಕಂಪನೀದ ಇರಬೇಕು, ಊಟದ ಪಂಕ್ತಿಗೆ ಯಾವುದಾದ್ರೂ ನಡೀತದ. ಉಬ್ಬಿದ್ದು, ಮುಪ್ಪಾದದ್ದು ಹಿತ್ತಲದ ತಗಡಿನ ಡಬ್ಬಿಗೆ ಹೋಗ್ತಾವ, ತಾಮ್ರದ ಪಟ್ಟಿಗೆ ಟೇಪ್ ಹಚ್ಚಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವನ್ನ ಮನಿ ಕಸದಾಗ ಹಾಕೂಹಂಗಿಲ್ಲ. ಡಬ್ಬಿ ತುಂಬಲಿಕ್ಕೆ ಬಂದದ, ಇ-ತ್ಯಾಜ್ಯ ತಗೊಳ್ಳವ್ರಿಗೆ ಈ ತಿಂಗಳು ಕೊಟ್ಟು ಬರಬೇಕು.